ಹತ್ತು ಎಣಿಸುವವರೆಗೆ

ನೀಲಗಿರಿ ಎಣ್ಣೆಯ ವಾಸನೆ ಬಡಿದರೆ ಇವತ್ತಿಗೂ ನಾನು ಹಲ್ಲು ಕಡಿಯುತ್ತೇನೆ.

ಅಂದು ಮಧ್ಯಾಹ್ನ ಕಂಪ್ಲಿಯ ಕಾಲುವೆ ಕೆಳಗಿನ ಗದ್ದೆಯಲ್ಲಿ ಅವ್ವ ಭತ್ತದ ಸಸಿ ನಾಟಿ ಮಾಡುತ್ತಿದ್ದಳು. ನಾನು ಬದುವಿನ ಮೇಲೆ ಕೂತಿದ್ದೆ. ಅವಳದು ಹಳೆಯ ಸೊಂಟನೋವು. ದಿನಾ ಈ ಎಣ್ಣೆ ತಿಕ್ಕಿಕೊಳ್ಳಬೇಕು, ಬಗ್ಗಿ ದುಡಿಯುವಾಗ ಆಗಾಗ ನೆಟ್ಟಗೆ ನಿಂತು ಹತ್ತು ಎಣಿಸಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ನಾಟಿಯಲ್ಲಿ ಒಬ್ಬಳು ನಿಂತರೆ ಇಡೀ ಸಾಲು ಅವಳಿಗಾಗಿ ಕಾಯಬೇಕು. ಆದರೂ ಅವ್ವ ಕೆಸರುಗೈಯನ್ನು ಸೊಂಟಕ್ಕೆ ಒತ್ತಿಕೊಂಡು ಎದ್ದು ನಿಂತಳು.

ಗದ್ದೆಯ ಗೌಡ ಕಾಲುವೆ ಏರಿಯ ಮೇಲೆ ಅಡ್ಡಾಡುತ್ತಿದ್ದ. ಅವನಿಗೆ ಬಹುವಚನ ಹಚ್ಚಲು ನನಗಿನ್ನೂ ಮನಸ್ಸಿಲ್ಲ. ಅವನಿಗೂ ಸೊಂಟನೋವು, ಅದೇ ಡಾಕ್ಟರು, ಮೈಗೆ ಅದೇ ಎಣ್ಣೆ. ದಿನಾ ಒಂದು ತಾಸು ನಡೆಯಬೇಕೆಂದು ಅವನಿಗೆ ಹೇಳಿದ್ದರು.

"ಏ, ಕೂಲಿಗೆ ಬಂದೀಯೋ, ಗಾಳಿ ತಗೊಳ್ಳಾಕ ಬಂದೀಯೋ? ಬಗ್ಗು ಜಲ್ದಿ!" ಎಂದು ಕೂಗಿದ.

ಅವ್ವ ಬಗ್ಗಲಿಲ್ಲ. "ಇಬ್ರಿಗೂ ಡಾಕ್ಟ್ರು ಒಬ್ರೇ ಅದಾರ್ರಿ ಗೌಡ್ರ. ನಿಮಗ ಅಡ್ಡಾಡ್ರಿ ಅಂದಾರ, ನನಗ ನೆಟ್ಟಗ ನಿಂದ್ರು ಅಂದಾರ. ನೀವು ಅಡ್ಡಾಡ್ರಿ."

ಆಮೇಲೆ ಅವನ ಮುಖ ನೋಡುತ್ತಲೇ ಗಟ್ಟಿಯಾಗಿ ಎಣಿಸತೊಡಗಿದಳು. ಎಂಟಕ್ಕೆ ಬಂದಾಗ ಅವನು, "ನಾಳಿಂದ ನೀ ಬರಬ್ಯಾಡ!" ಎಂದು ಚೀರಿದ.

ಅವ್ವ ಉಸಿರೆಳೆದುಕೊಂಡು, "ಒಂಬತ್ತು" ಎಂದಳು.