ಓರೆ ಹಗ್ಗ

ಹಗ್ಗ ಕಟ್ಟಿ ಆಗಿತ್ತು. ಎಲ್ಯೋರ್ ಮೋಟಾರ್ ಗರಗಸ ಹಿಡಿದು ಪಾಪ್ಲರ್ ಮರದ ಬುಡದಲ್ಲಿ ಬಗ್ಗಿದ್ದ. ಅಪ್ಪ ಕೈ ಎತ್ತಿದರೆ ಸಾಕು, ಶುರು ಮಾಡುವವನು. ಅಪ್ಪ ಮಹ್ಕಾಮ್ ಹಗ್ಗದ ಆ ತುದಿಯಲ್ಲಿ, ಪಕ್ಕದ ಮನೆಯ ತುರ್ದಿಯನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಊರಿ ನಿಂತಿದ್ದ. ಆಗ ಹೊಸ ಸೊಸೆ, ಎಲ್ಯೋರನ ಹೆಂಡತಿ ಮುಹಯ್ಯೊ, ಗುಡಿಸುವುದನ್ನು ಬಿಟ್ಟು, ಪೊರಕೆಯ ಹಿಡಿಯಿಂದ ಅಂಗಳದ ಒದ್ದೆ ಮಣ್ಣಿನ ಮೇಲೆ ಮೂರು ಗೆರೆ ಎಳೆದಳು. ಎಳೆದವಳೇ ಬಿಳಿಚಿಕೊಂಡಳು.

ಮಗ ಹುಟ್ಟಿದ ವರ್ಷ ಪಾಪ್ಲರ್ ನೆಡುವುದು, ಮದುವೆಯಾದ ಮೇಲೆ ಅದನ್ನೇ ಕಡಿದು ಅವನ ಮನೆಗೆ ತೊಲೆ ಹಾಕುವುದು ನಮಂಗಾನ್ ಕಡೆಯ ಪದ್ಧತಿ. ಸಾಲಿನ ಮಿಕ್ಕ ಮರಗಳು ಹೊಲದ ಕಡೆಗೆ ತಾವಾಗಿಯೇ ಉರುಳಿದ್ದವು. ನೆಲಕ್ಕೆ ಬಿದ್ದ ಮೇಲೆ ಅಳೆದರೆ ಒಂದೊಂದೂ ಹದಿನೆಂಟು ಮೀಟರ್. ಕಡೆಯದಾದ ಇದೊಂದು ಮಾತ್ರ ಮನೆಯ ಕಡೆ ವಾಲಿತ್ತು; ಹಗ್ಗ ಕಟ್ಟಿ ಎಳೆಯದೆ ಗತಿಯಿರಲಿಲ್ಲ. ಎಲ್ಯೋರ್ ಹನ್ನೆರಡು ಮೀಟರ್ ಎತ್ತರಕ್ಕೆ ಹತ್ತಿ ಹಗ್ಗ ಬಿಗಿದು ಬಂದಿದ್ದ.

“ಅತ್ತೆ,” ಎಂದು ಮುಹಯ್ಯೊ ಪಿಸುಗುಟ್ಟಿದಳು, “ಮರ ಮಾವನ ಮೇಲೇ ಬೀಳುತ್ತೆ. ಹೇಳಿ ಅವರಿಗೆ.”

ಹೊಸ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. ಏನಿದ್ದರೂ ಅತ್ತೆಯ ಮೂಲಕ ಹೋಗಬೇಕು. ಅತ್ತೆ ಖೋಲಿದಾ ಒಲ್ಲದ ಮನಸ್ಸಿನಿಂದ ಕೂಗಿ ಹೇಳಿದಳು. ಮಹ್ಕಾಮ್ ನಕ್ಕುಬಿಟ್ಟ.

“ಹಗ್ಗ ಇಪ್ಪತ್ತು ಮೀಟರು, ಮರ ಹದಿನೆಂಟು. ಇನ್ನೂ ಎರಡು ಮಿಗುತ್ತೆ. ನಮ್ಮನೆ ಮೇಕೆಗೂ ಬರುತ್ತೆ ಈ ಲೆಕ್ಕ! ಹೋಗಿ ಚಹಾ ಇಡು ಅನ್ನು ಅವಳಿಗೆ.”

“ಟೀಚರಮ್ಮ ಮರಕ್ಕೂ ಪರೀಕ್ಷೆ ಇಟ್ಟವ್ರೆ ಕಣಣ್ಣ!” ಎಂದು ತುರ್ದಿ ಅವಳನ್ನು ಅಣಕಿಸುತ್ತ ದನಿಗೂಡಿಸಿದ.

“ಹಗ್ಗ ನೆಲದ ಮೇಲೆ ಮಲಗಿಲ್ಲ ಅತ್ತೆ, ಓರೆಯಾಗಿ ಇಳಿದಿದೆ.” ಮುಹಯ್ಯೊ ಅತ್ತೆಯ ತೋಳು ಹಿಡಿದು ಗೆರೆಗಳನ್ನು ತೋರಿಸಿದಳು. “ಇದು ಮರ, ಹಗ್ಗ ಕಟ್ಟಿರೋವರೆಗೆ ಹನ್ನೆರಡು. ಈ ಓರೆ ಗೆರೆ ಹಗ್ಗ, ಇಪ್ಪತ್ತು. ಇಪ್ಪತ್ತಿಪ್ಪತ್ಲಿ ನಾನೂರು, ಅದರಲ್ಲಿ ಹನ್ನೆರಡು ಹನ್ನೆರಡ್ಲಿ ನೂರ ನಲವತ್ತನಾಲ್ಕು ಕಳೀರಿ. ಉಳಿಯೋದು ಇನ್ನೂರ ಐವತ್ತಾರು, ಅಂದ್ರೆ ಹದಿನಾರು ಹದಿನಾರ್ಲಿ. ಮಾವ ಮರದಿಂದ ಬರೀ ಹದಿನಾರು ಮೀಟರ್ ದೂರದಲ್ಲಿ ನಿಂತಿದ್ದಾರೆ. ಮರ ಹದಿನೆಂಟು!”

“ಬಾಯಿ ಮುಚ್ಚೇ! ಗೋಡೆ ಆಚೆ ತುರ್ದಿ ಹೆಂಡ್ತಿ ಸಾಬಿರಾ ಕಿವಿ ಕೊಟ್ಕೊಂಡು ನಿಂತವ್ಳೆ. ನಾಳೆ ಊರೆಲ್ಲ ನಿನ್ನದೇ ಮಾತಾಗುತ್ತೆ,” ಎಂದು ಖೋಲಿದಾ ಗದರಿದಳು.

ಮಹ್ಕಾಮ್ ಕೈ ಎತ್ತಿದ. ಗರಗಸ ಗುರ್ರೆಂದಿತು.

ಆ ಹುಡುಗಿಯ ಎದೆಗಾರಿಕೆಗೆ ಏನು ಹೇಳಬೇಕೋ ತಿಳಿಯದು. ಮದುವೆಯ ಗೋರಂಟಿ ಇನ್ನೂ ಕೈಯಿಂದ ಹೋಗಿರಲಿಲ್ಲ. ಪೊರಕೆ ಹಿಡಿದುಕೊಂಡೇ ಗಂಡಸರ ನಡುವೆ ನುಗ್ಗಿ, ಮಾವನನ್ನು ದಾಟಿ, ದೊಡ್ಡ ದೊಡ್ಡ ಹೆಜ್ಜೆ ಹಾಕಿ ಇನ್ನಷ್ಟು ಆಚೆ ಹೋದಳು. ಪೊರಕೆಯನ್ನು ನೆಲದ ಮೇಲೆ ಅಡ್ಡ ಇಟ್ಟು, ಅದರ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

“ಏಯ್, ನಿಲ್ಸೋ ಗರಗಸ!” ಮಹ್ಕಾಮ್ ತಿರುಗಿ ಕಣ್ಣು ಬಿಟ್ಟ. “ಮರ ಕಡಿಯೋ ಕಡೆ ಇವಳಿಗೇನು ಕೆಲಸ? ಎಬ್ಬಿಸ್ರೋ ಇವಳನ್ನ!”

“ಇಲ್ಲಿಗೆ ಮರ ಬರಲ್ಲ, ಮಾವ!” ಮುಹಯ್ಯೊ ಕಿರುಚಿದಳು. ನೇರವಾಗಿ ಅವನ ಮುಖಕ್ಕೇ. ಮೂರು ಮನೆಯಾಚೆಯವರೂ ಕೇಳಿಸಿಕೊಂಡರು. “ನೀವು ನಿಂತಿರೋ ಕಡೆಗೆ ಬರುತ್ತೆ! ಹಸು ಕಟ್ಟೋ ಹಗ್ಗ ಸೇರಿಸಿ ಉದ್ದ ಮಾಡಿ, ಈ ಪೊರಕೆ ಹಿಂದಕ್ಕೆ ಬನ್ನಿ. ಅಲ್ಲೀವರೆಗೂ ನಾನು ಏಳಲ್ಲ. ಆಮೇಲೆ ಬೇಕಾದ್ರೆ ತವರಿಗೆ ಕಳಿಸಿ.”

ಖೋಲಿದಾ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು. ಮಹ್ಕಾಮನ ಮುಖ ಕೆಂಪಾಯಿತು, ಕಪ್ಪಾಯಿತು. ಸೊಸೆಯನ್ನು ಮುಟ್ಟಿ ಎಬ್ಬಿಸುವಂತಿಲ್ಲ, ಕೂರಿಸಿಕೊಂಡು ಮರ ಉರುಳಿಸುವಂತಿಲ್ಲ. ಬೈದುಕೊಳ್ಳುತ್ತಲೇ ಹಸುವಿನ ಹಗ್ಗ ತರಿಸಿ ಗಂಟು ಹಾಕಿದ. ತುರ್ದಿಯನ್ನು ಕರೆದುಕೊಂಡು ಪೊರಕೆಯ ಹಿಂದಕ್ಕೆ ಬಂದ. ಆಮೇಲಷ್ಟೇ ಅವಳು ಎದ್ದು ಅವರಿಗಿಂತ ಹಿಂದೆ ಸರಿದಳು.

ಮರ ಒಮ್ಮೆ ನಡುಗಿತು. ಗಂಡಸರು ಎಳೆದರು. ಮನೆಯ ಕಡೆ ವಾಲಿದ್ದ ಅಷ್ಟು ಎತ್ತರದ ಮರ ಈಚೆಗೆ ತಿರುಗಿ ಧೊಪ್ಪನೆ ನೆಲಕ್ಕೆ ಅಪ್ಪಳಿಸಿತು. ಧೂಳು ಇಳಿದಾಗ ಅದರ ಕುಡಿ ಪೊರಕೆಗೆ ಇನ್ನೊಂದು ಮೊಳ ಇರುವಂತೆ ಮಲಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಮಹ್ಕಾಮ್ ಹಿಮ್ಮಡಿ ಊರಿದ್ದ ಜಾಗದಲ್ಲಿ ಮುರಿದ ಕೊಂಬೆಯೊಂದು ಗೂಟ ಹೊಡೆದಂತೆ ನೆಲಕ್ಕೆ ನಾಟಿಕೊಂಡಿತ್ತು.

ತುರ್ದಿ ಟೊಪ್ಪಿ ತೆಗೆದು ಬೆವರು ಒರೆಸಿಕೊಂಡ. ಮಹ್ಕಾಮ್ ಆ ಕೊಂಬೆಯನ್ನು ಕಿತ್ತು ನೋಡಲು ಹೋದ, ಅಲುಗಿಸಲಾಗಲಿಲ್ಲ. ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ “ಅವಳಿಗೆ ಹೇಳು...” ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ಸೊಸೆಯನ್ನೇ ನೋಡಿ, “ಮಗಳೇ, ಒಂಚೂರು ನೀರು ಕೊಡಮ್ಮ” ಎಂದ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಸಾಬಿರಾ ಬಿಂದಿಗೆ ಇಟ್ಟು, ನಾಲ್ಕು ಜನ ಹೆಂಗಸರಿಗೆ ಕೇಳಿಸುವ ಹಾಗೆ ಖೋಲಿದಾಳನ್ನು ಕೆಣಕಿದಳು. “ಏನಕ್ಕಾ, ನಿಮ್ಮ ಸೊಸೆ ಮಾವನ ಮುಖಕ್ಕೇ ಕಿರುಚಿದಳಂತೆ?”

“ಹೌದು ಕಣೆ, ಕಿರುಚಿದಳು,” ಎಂದಳು ಖೋಲಿದಾ. “ನಿನ್ನೆ ಸಂಜೆ ನಿನ್ನ ಗಂಡ ಹೆಂಗೆ ಮನೆಗೆ ಬಂದ? ನಡ್ಕೊಂಡು ಬಂದ್ನೋ, ಹೊತ್ಕೊಂಡು ಬಂದ್ರೋ?”