ಮಡಕೆಯ ನೀರು

ತರಕಾರಿ ಕೊಂಡು ಬಂದ ಪಕ್ಕದ ಮನೆಯ ಕೋಕಿಲಾಬೆನ್ ಅದೇ ಕೈಯಲ್ಲಿ ಲೋಟವನ್ನು ಮಡಕೆಗೆ ಅದ್ದಿದಾಗ, ಜಯಾಳ ಅತ್ತೆ ಕಣ್ಣು ಮುಚ್ಚಿಕೊಂಡರು. ಇನ್ನು ಸೊಸೆ ನೀರೆಲ್ಲ ಚೆಲ್ಲಿ, ಕೈ ಸುಲಿಯುವವರೆಗೆ ಮಡಕೆ ಉಜ್ಜುತ್ತಾಳೆ. ಅದನ್ನೇ ಅವರು ವರ್ಷಗಟ್ಟಲೆ ಮಡಿ ಎಂದು ಹೊಗಳಿದ್ದರು. ಕೆಲವು ತಿಂಗಳ ಹಿಂದೆ ವಡೋದರಾದ ಡಾಕ್ಟರು ಮಾತ್ರ ಅದು ಗೀಳುರೋಗ ಎಂದು, ಖಿನ್ನತೆಗೆ ಕೊಡುವ ಮಾತ್ರೆಯೇ ಇದಕ್ಕೂ ಮದ್ದು ಎಂದು ಬರೆದುಕೊಟ್ಟಿದ್ದರು.

ಕೋಕಿಲಾಬೆನ್ ಕುಡಿದು ಹೊರಟರು. ಜಯಾ ಎದ್ದಳು. ಒಮ್ಮೆ ಕೈ ಉಜ್ಜುವ ನಾರಿನತ್ತ ಹೋಯಿತು. ಆದರೂ ಅದೇ ಮಡಕೆಯಿಂದ ನೀರು ತೆಗೆದು, ಮಾತ್ರೆ ಬಾಯಿಗೆ ಹಾಕಿಕೊಂಡು ಗಟಗಟ ಕುಡಿದಳು.

"ಗುಣ ಆಯ್ತಲ್ಲೇ! ಇನ್ನು ಮಾತ್ರೆ ಬಿಟ್ಟುಬಿಡು," ಎಂದರು ಅತ್ತೆ.

"ಗುಣ ಮಾಡಿದ್ದೇ ಅದು, ಅತ್ತೆ. ಡಾಕ್ಟರು ಹೇಳಿದಾಗ, ಅವರು ಹೇಳಿದ ಹಾಗೇ ನಿಧಾನವಾಗಿ ಬಿಡ್ತೀನಿ." ಜಯಾ ಇನ್ನೊಂದು ಲೋಟ ತುಂಬಿ ಅವರ ಮುಂದೆ ಹಿಡಿದಳು. "ನೀವೂ ಕುಡೀರಿ, ತಣ್ಣಗಿದೆ."

ಮಡಿಯನ್ನೇ ಹೊಗಳುತ್ತಿದ್ದ ಅತ್ತೆ ಒಂದು ಕ್ಷಣ ಲೋಟವನ್ನೇ ನೋಡಿದರು. ಆಮೇಲೆ ಒಂದು ಹನಿಯೂ ಉಳಿಸದೆ ಕುಡಿದರು.