ಅಕ್ಕನ ಬೆರಳಿನ ಕಲೆ

ನಾನು ಕಲಿಸುವ ಲ್ಯಾಬಿನ ಹುಡುಗಿಯರು ಸೋಲ್ಡರಿಂಗ್ ಮಾಡುವಾಗ ಏಳುವ ಹೊಗೆ ಮೂಗಿಗೆ ತಾಗಿದರೆ, ದುದ್ದದ ನಮ್ಮ ಮನೆಯ ನಡುಮನೆಯೂ ಅಕ್ಕನ ಬಲಗೈಯೂ ಈಗಲೂ ಕಣ್ಣಮುಂದೆ ಬಂದು ನಿಲ್ಲುತ್ತವೆ.

ಅಕ್ಕ ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಳು. ಊರಿನ ಕೆಟ್ಟ ಚಾರ್ಜರು, ಟಾರ್ಚುಗಳೆಲ್ಲ ಅವಳ ಮುಂದೆ ಬಂದು ಕೂರುತ್ತಿದ್ದವು. ಅವಳು ಬೆಸುಗೆ ಹಾಕುವಾಗ ತಂತಿ ಹಿಡಿಯುವ ಕೆಲಸ ನನ್ನದು. ಅವಳ ಬೆರಳ ತುದಿಯ ಒಂದೊಂದು ಸುಟ್ಟ ಕಲೆಯೂ ನನಗೆ ಗೊತ್ತಿತ್ತು.

ಆ ಮಧ್ಯಾಹ್ನ ಹಿರೀಸಾವೆಯಿಂದ ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಅಡುಗೆಮನೆಯಲ್ಲಿ ಅವ್ವ ಅಕ್ಕನ ಬೆರಳಿಗೆ ಅರಿಶಿನ ಉಜ್ಜುತ್ತಾ, "ಕೇಳುದ್ರೆ ರೊಟ್ಟಿ ಬೇಯ್ಸೋವಾಗ ಸುಟ್ಕೊಂಡೆ ಅನ್ನು. ಆ ಕರೆಂಟು ಕೆಲಸದ ಸುದ್ದಿನೇ ಎತ್ಬ್ಯಾಡ ಕಣವ್ವಾ," ಅಂದಳು.

ಕಾಫಿ ಲೋಟ ಕೊಡುವಾಗ ಗಂಡಿನ ತಾಯಿ ಅಕ್ಕನ ಕೈ ಹಿಡಿದು ತಿರುಗಿಸಿ ನೋಡಿದರು. "ಇದ್ಯಾಕವ್ವಾ ಇಂಗೆ ಸುಟ್ಟೈತೆ?"

ಅಕ್ಕ ಕೈ ಬಿಡಿಸಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. ಆಕೆ ನನ್ನತ್ತ ತಿರುಗಿದರು. "ನೀನಾರ ಯೋಳವ್ವಾ."

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಾಗಿಲ ಮರೆಯಿಂದ ಅವ್ವನೂ ನೋಡುತ್ತಿದ್ದಳು.

"ರೊಟ್ಟಿ ಬೇಯ್ಸೋವಾಗ," ಅಂದೆ.

ಆಕೆಯ ಮುಖ ಅರಳಿತು. "ಒಲೆ ಮುಂದೆ ಪಳಗಿರೋ ಕೈ ಕಣ್ರೀ," ಎಂದು ಗಂಡನಿಗೆ ಹೇಳಿ, ತಂದಿದ್ದ ಮಲ್ಲಿಗೆಯನ್ನು ಅಲ್ಲೇ ಅಕ್ಕನಿಗೆ ಮುಡಿಸಿಬಿಟ್ಟರು. ಹೂ ಮುಡಿಸಿದರೆ ನಮ್ಮ ಕಡೆ ಮದುವೆ ಗೊತ್ತಾದ ಹಾಗೆಯೇ, ಮತ್ತೆ ಮಾತಿಲ್ಲ.

ಮರುದಿನ ಅಕ್ಕ ಹಾಸನದ ಬಸ್ಸು ಹತ್ತಲಿಲ್ಲ. ಅಪ್ಪ ಅವಳ ಸೋಲ್ಡರಿಂಗ್ ಕಡ್ಡಿಯನ್ನು ಕಾಯಿಸಿಕೊಂಡು ಜಗಲಿಯಲ್ಲಿ ಕೂತು, ತೆಂಗಿನ ತೋಟದ ನೀರಿನ ಪೈಪಿಗೆ ತೂತು ಹಾಕತೊಡಗಿದ. ಪೈಪು ಹಿಡಿದುಕೊಳ್ಳಲು ನನ್ನನ್ನು ಕರೆದ.

ಹೋಗಿ ಹಿಡಿದುಕೊಂಡೆ.